ನಿಂತು ನೋಡುವವರ ಪರವಾಗಿ ವಾದಿಸುವ ಮುನ್ನ: ಒಬ್ಬ ಲೇಖಕರಿಗೆ ಸಂಪಾದಕರ ಪತ್ರ

ಪ್ರಿಯ ಲೇಖಕರೇ,

ಫುಟ್‌ಬಾಲ್ ಕ್ರೀಡಾಂಗಣಗಳಲ್ಲಿ ಅಭಿಮಾನಿಗಳಿಗೆ ಸುರಕ್ಷಿತವಾಗಿ ನಿಂತು ಪಂದ್ಯ ನೋಡುವ ಜಾಗ ಇರಲೇಬೇಕು ಎಂದು ವಾದಿಸುವ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಒಂದು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ನಿಮ್ಮ ನಿಲುವು ಸರಿಯಾಗಿದೆ, ಅದನ್ನು ಸಮರ್ಥಿಸಲು ನೀವು ಹಿಡಿದ ದಾರಿ ಮಾತ್ರ ತಪ್ಪಾಗಿದೆ ಎಂಬುದು ನನ್ನ ಅಭಿಪ್ರಾಯವಾದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ. ಮಾತು ಕೆಲವೆಡೆ ಕಟುವಾಗಿರುತ್ತದೆ.

ಮೊದಲು, ನನ್ನನ್ನು ತಡೆದು ನಿಲ್ಲಿಸಿದ ವಾಕ್ಯ. ಎರಡನೆಯ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: "1989ರಲ್ಲಿ ಹಿಲ್ಸ್‌ಬರೋ ಮೈದಾನಕ್ಕೆ ಟಿಕೆಟ್ ಇಲ್ಲದ ಅಭಿಮಾನಿಗಳು ನುಗ್ಗಿದ್ದರಿಂದ ಕಾಲ್ತುಳಿತ ಉಂಟಾಗಿ 96 ಮಂದಿ ಸತ್ತರು. ಆದರೆ ಈಗ ಕಾಲ ಬದಲಾಗಿದೆ." ಸತ್ತವರ ಸಂಖ್ಯೆ ಈಗ 97, ಅಂದಿನ ಗಾಯಗಳಿಂದ ಜೀವನಪೂರ್ತಿ ನರಳಿದ ಒಬ್ಬರು 2021ರಲ್ಲಿ ತೀರಿಕೊಂಡಾಗ ಅವರನ್ನೂ ಆ ಪಟ್ಟಿಗೆ ಸೇರಿಸಲಾಯಿತು. ಇದು ತಿದ್ದಲು ಸುಲಭವಾದ ತಪ್ಪು. ಅಭಿಮಾನಿಗಳು ನುಗ್ಗಿದರು ಎಂಬ ಮಾತು ಅಷ್ಟು ಹಗುರವಾದುದಲ್ಲ. ದುರಂತದ ದಿನವೇ ಹುಟ್ಟಿಕೊಂಡ ಸುಳ್ಳು ಅದು. ಸತ್ತವರ ತಂದೆತಾಯಂದಿರು, ಒಡಹುಟ್ಟಿದವರು ಅದನ್ನು ಅಳಿಸಲು 27 ವರ್ಷ ಹೋರಾಡಿದರು. ಅಂದು ಪೊಲೀಸ್ ಬಂದೋಬಸ್ತಿನ ಹೊಣೆ ಹೊತ್ತಿದ್ದ ಅಧಿಕಾರಿಯೇ, ಗೇಟನ್ನು ಅಭಿಮಾನಿಗಳು ಮುರಿದರೆಂದು ತಾವು ಹೇಳಿದ್ದು ಸುಳ್ಳು ಎಂದು 2015ರ ವಿಚಾರಣೆಯಲ್ಲಿ ಒಪ್ಪಿಕೊಂಡರು. 2016ರ ಏಪ್ರಿಲ್ 26ರಂದು ಜ್ಯೂರಿಯು ಆ ಸಾವುಗಳು ಕಾನೂನುಬಾಹಿರ ಎಂದೂ ಅಭಿಮಾನಿಗಳ ವರ್ತನೆ ಅದಕ್ಕೆ ಕಾರಣವಲ್ಲ ಎಂದೂ ತೀರ್ಮಾನ ಕೊಟ್ಟಿತು. ಇಷ್ಟೆಲ್ಲ ಆದ ಮೇಲೂ ಆ ಸುಳ್ಳು ಕನ್ನಡದಲ್ಲಿ, ಅದೂ ಅಭಿಮಾನಿಗಳ ಪರವಾಗಿ ಬರೆದ ಲೇಖನದಲ್ಲಿ, ಮತ್ತೆ ಅಚ್ಚಾಗುವುದಕ್ಕೆ ನಾನು ಅವಕಾಶ ಕೊಡುವುದಿಲ್ಲ.

ಅಂದು ನಡೆದದ್ದೇನು ಎಂಬುದನ್ನು ನೀವು ಒಮ್ಮೆ ನಿಧಾನವಾಗಿ ಕಣ್ಣ ಮುಂದೆ ತಂದುಕೊಳ್ಳಬೇಕು, ಏಕೆಂದರೆ ನಿಮ್ಮ ವಾದದ ಜೀವ ಅಲ್ಲಿದೆ. ಏಪ್ರಿಲ್ 15, ಶೆಫೀಲ್ಡ್ ನಗರ, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಎಫ್‌ಎ ಕಪ್ ಸೆಮಿಫೈನಲ್, ಮಧ್ಯಾಹ್ನ 3 ಗಂಟೆಗೆ ಆರಂಭ. ಲೆಪಿಂಗ್ಸ್ ಲೇನ್ ಕಡೆಯ, ಸೀಟಿಲ್ಲದೆ ನಿಂತು ನೋಡುವ ಮೆಟ್ಟಿಲುಗಳಿಗೆ ಟಿಕೆಟ್ ಪಡೆದವರು 10,100 ಮಂದಿ; ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟುಗಳು ಅವರ ಪಾಲಿಗೆ ಇದ್ದದ್ದು 7. ಹೊರಗೆ ಒತ್ತಡ ತಡೆಯಲಾಗದಷ್ಟು ಹೆಚ್ಚಿದಾಗ 2:52ಕ್ಕೆ ಪೊಲೀಸರೇ ಪಕ್ಕದ ಸಿ ಗೇಟನ್ನು ತೆರೆಸಿದರು. ಒಳಗೆ ಬಂದವರಿಗೆ ಎದುರಿಗೇ ಕಾಣುತ್ತಿದ್ದುದು ಇಳಿಜಾರಿನ ಒಂದು ಸುರಂಗ. ಅದು ಕಬ್ಬಿಣದ ಬೇಲಿ ಹಾಕಿ ದೊಡ್ಡಿಗಳಂತೆ ವಿಭಜಿಸಿದ್ದ ಮೆಟ್ಟಿಲುಗಳ ಪೈಕಿ ನಡುವಿನ ಎರಡಕ್ಕೆ, ಅಂದರೆ 3 ಮತ್ತು 4ನೆಯ ಆವರಣಗಳಿಗೆ ನೇರವಾಗಿ ಹೋಗುತ್ತಿತ್ತು. ಅವು ಅಷ್ಟರಲ್ಲಾಗಲೇ ಭರ್ತಿಯಾಗಿದ್ದವು. ಅಕ್ಕಪಕ್ಕದ ಆವರಣಗಳಲ್ಲಿ ಜಾಗವಿತ್ತು. ಸುರಂಗದ ಬಾಯಿಯನ್ನು ಮುಚ್ಚಿ ಜನರನ್ನು ಪಕ್ಕಕ್ಕೆ ಕಳುಹಿಸುವ ಕೆಲಸವನ್ನು ಯಾರೂ ಮಾಡಲಿಲ್ಲ. ನಡುವಿನ ಆ ಎರಡು ಆವರಣಗಳಿಗೆ ಅಧಿಕೃತವಾಗಿ ನಿಗದಿಯಾಗಿದ್ದ ಸಂಖ್ಯೆ 2,200. ಜನರ ಒತ್ತಡ ತಡೆಯಲು ಮೆಟ್ಟಿಲುಗಳ ನಡುವೆ ಹಾಕಿದ್ದ ತಡೆಕಂಬಿಗಳ ಸ್ಥಿತಿಯನ್ನು ನಿಯಮದಂತೆ ಲೆಕ್ಕ ಹಾಕಿದ್ದರೆ ಅದು 1,693ಕ್ಕೆ ಇಳಿಯಬೇಕಿತ್ತು. ಆ ದಿನ ಅಲ್ಲಿ ಸಿಕ್ಕಿಕೊಂಡವರು 3,000ಕ್ಕೂ ಹೆಚ್ಚು ಎಂದು ಅಂದಾಜು. 3ನೆಯ ಆವರಣದಲ್ಲಿ 124ಎ ಎಂಬ ಗುರುತಿನ ತಡೆಕಂಬಿ ಮುರಿದು ಬಿತ್ತು. 3:06ಕ್ಕೆ ಪಂದ್ಯ ನಿಂತಿತು. ಅಲ್ಲಿ ಸತ್ತವರಲ್ಲಿ ಬಹುಪಾಲು ಜನ ಕಾಲ್ತುಳಿತಕ್ಕೆ ಸಿಕ್ಕಿದವರಲ್ಲ. ಎದೆ ಹಿಗ್ಗಿಸಲು ಜಾಗವಿಲ್ಲದೆ, ಉಸಿರಾಡಲಾಗದೆ ಸತ್ತವರು. ಮುಂದೆ ಮೈದಾನದ ಕಡೆಗೆ ಹೋಗದಂತೆ ಎತ್ತರದ ಬೇಲಿ ಇತ್ತು. 1981ರ ಸೆಮಿಫೈನಲ್‌ನಲ್ಲಿ ಇದೇ ತುದಿಯಲ್ಲಿ ಇಂಥದೇ ಒತ್ತಡ ಉಂಟಾಗಿ 38 ಮಂದಿ ಗಾಯಗೊಂಡಿದ್ದರು ಎಂಬುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಿ.

ಈ ವಿವರಗಳಲ್ಲಿ ನಿಲ್ಲುವುದೇ ಕೊಂದಿತು ಎನ್ನಲು ಎಲ್ಲಿ ಅವಕಾಶವಿದೆ? ಕೊಂದದ್ದು ಗೇಟು, ಸುರಂಗ, ಬೇಲಿ, ಹಳೆಯದಾದ ಸುರಕ್ಷತಾ ಪ್ರಮಾಣಪತ್ರ ಮತ್ತು ಕಣ್ಣೆದುರಿಗೆ ನಡೆಯುತ್ತಿದ್ದುದನ್ನು ಗುರುತಿಸದ ಬಂದೋಬಸ್ತು. ಆದರೆ ಇಲ್ಲಿಗೇ ನಿಲ್ಲಬೇಡಿ. ನಿಮ್ಮ ಎದುರು ವಾದಿಸುವವರ ಬಳಿ ಒಂದು ಗಟ್ಟಿಯಾದ ಮಾತಿದೆ, ನೀವು ಅದನ್ನು ಮುಟ್ಟಿಯೇ ಇಲ್ಲ. ಬರಿಯ ಮೆಟ್ಟಿಲಿನ ಮೇಲೆ ಎಷ್ಟು ಜನ ನಿಂತಿದ್ದಾರೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಸೀಟು ಹಾಕಿದರೆ ಎಣಿಕೆ ತಾನಾಗಿ ಆಗುತ್ತದೆ. ಸೀಟಿನ ನಿಜವಾದ ಉಪಯೋಗ ಅದು, ಕೂರುವುದರಿಂದ ಸಿಗುವ ಸುಖವಲ್ಲ. ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರು ಮೂಲ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯ ಎಂದು 1989ರ ಆಗಸ್ಟ್‌ನಲ್ಲೇ ಬರೆದಿದ್ದರು. ನಿಲ್ಲುವುದು ಸ್ವತಃ ಅಪಾಯಕಾರಿ ಎಂದು ಅವರು ಹೇಳಲಿಲ್ಲ. ಆದರೂ 1990ರ ಜನವರಿಯ ಅಂತಿಮ ವರದಿಯಲ್ಲಿ ಎಲ್ಲರಿಗೂ ಸೀಟು ಇರಲಿ ಎಂದು ಶಿಫಾರಸು ಮಾಡಿದರು. ಸೀಟು ಎಲ್ಲಕ್ಕೂ ಮದ್ದಲ್ಲವಾದರೂ ಬೇರೆ ಯಾವುದೇ ಒಂದು ಕ್ರಮಕ್ಕಿಂತ ಹೆಚ್ಚು ಪ್ರಯೋಜನ ಕೊಡುತ್ತದೆ ಎಂಬುದು ಅವರ ನಿಲುವಾಗಿತ್ತು. ಅದರಂತೆ 1994ರಿಂದ ಇಂಗ್ಲೆಂಡಿನ ಮೇಲಿನ ಎರಡು ದರ್ಜೆಯ ಕ್ಲಬ್ಬುಗಳಲ್ಲಿ ನಿಲ್ಲುವ ಮೆಟ್ಟಿಲುಗಳು ಮರೆಯಾದವು. ಆ ಶಿಫಾರಸನ್ನು ನೀವು "ಅಧಿಕಾರಿಗಳ ಹಠ" ಎಂದು ಕರೆದಿದ್ದೀರಿ. ಅದನ್ನು ಹೊಡೆದುಹಾಕಿ. ಟೇಲರ್ ಅವರ ಕಾರಣವನ್ನು ಅದರ ಪೂರ್ಣ ಬಲದಲ್ಲಿ ಓದುಗರ ಮುಂದಿಟ್ಟು ಆಮೇಲೆ ಉತ್ತರಿಸಿದರೆ ಮಾತ್ರ ನಿಮ್ಮ ಉತ್ತರಕ್ಕೆ ತೂಕ ಬರುತ್ತದೆ.

ಆ ಉತ್ತರ ನಿಮ್ಮ ಲೇಖನದಲ್ಲೇ ಇದೆ, ಆದರೆ ಏಳನೆಯ ಪುಟದಲ್ಲಿ ಅಡಗಿ ಕುಳಿತಿದೆ. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ನಿಲ್ಲುವ ವಿಭಾಗದ ಟಿಕೆಟ್ ಕೊಂಡು ನೋಡಿದ ಪಂದ್ಯವನ್ನು ನೀವು ಅಲ್ಲಿ ವರ್ಣಿಸಿದ್ದೀರಿ: ಮೀನಖಂಡದ ಹಿಂದೆ ಮಡಿಸಿದ ಸೀಟು, ಸೊಂಟದ ಎತ್ತರಕ್ಕೆ ಪ್ರತಿ ಸಾಲಿಗೂ ಅಡ್ಡಲಾಗಿ ಹೋಗುವ ಲೋಹದ ಕಂಬಿ, ಗೋಲು ಬಿದ್ದಾಗ ಹಿಂದಿನ ಸಾಲಿನ ಭಾರೀ ಮನುಷ್ಯ ಮುಂದಕ್ಕೆ ವಾಲಿದರೂ ಆತನ ಭಾರ ನಿಮ್ಮ ಬೆನ್ನಿಗೆ ಬೀಳದೆ ಕಂಬಿಯ ಮೇಲೆ ನಿಂತದ್ದು, ಪಕ್ಕದ ವೃದ್ಧರು ತೊಂಬತ್ತು ನಿಮಿಷವೂ ಒಂದು ಕೈಯನ್ನು ಆ ಕಂಬಿಯಿಂದ ತೆಗೆಯದೆ ಇದ್ದದ್ದು. ಇಡೀ ಲೇಖನದಲ್ಲಿ ನೀವೇ ಕಂಡು ನೀವೇ ಬರೆದ ಭಾಗ ಇದೊಂದೇ, ಮತ್ತು ಇದು ಚೆನ್ನಾಗಿದೆ. ರೈಲ್ ಸೀಟ್ ಎಂಬ ಈ ವ್ಯವಸ್ಥೆಯಲ್ಲಿ ಒಬ್ಬರಿಗೆ ಒಂದು ಸೀಟು, ಒಂದು ಸಂಖ್ಯೆ, ಒಂದು ಟಿಕೆಟ್ ಉಳಿಯುತ್ತದೆ. ಆದ್ದರಿಂದ ಟೇಲರ್ ಬಯಸಿದ ಎಣಿಕೆ ಕೆಡುವುದಿಲ್ಲ. ಜೊತೆಗೆ, ಹಳೆಯ ಮೆಟ್ಟಿಲುಗಳಲ್ಲಿ ದೂರ ದೂರಕ್ಕೆ ಒಂದೊಂದು ತಡೆಕಂಬಿ ಇದ್ದರೆ ಇಲ್ಲಿ ಸಾಲಿಗೊಂದು ಇದೆ, ಆದ್ದರಿಂದ ಒತ್ತಡ ಮೇಲಿನಿಂದ ಕೆಳಗಿನವರೆಗೆ ಕೂಡಿಕೊಂಡು ಇಳಿಯುವುದಕ್ಕೆ ದಾರಿಯೇ ಇಲ್ಲ. ಲೇಖನವನ್ನು ಈ ಭಾಗದಿಂದ ಆರಂಭಿಸಿ.

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿಯನ್ನು ಇಡಬೇಕು. 1994ರ ನಂತರವೂ ಇಂಗ್ಲೆಂಡಿನ ಅಭಿಮಾನಿಗಳು ನಿಲ್ಲುವುದನ್ನು ಬಿಡಲಿಲ್ಲ. ಗೋಲ್‌ಪೋಸ್ಟಿನ ಹಿಂದಿನ ಸ್ಟ್ಯಾಂಡುಗಳಲ್ಲಿ, ಎದುರಾಳಿ ಊರಿನಿಂದ ಬಂದವರ ವಿಭಾಗದಲ್ಲಿ ಸಾವಿರಾರು ಜನ ಸೀಟಿನ ಮುಂದೆ ಇಡೀ ಪಂದ್ಯ ನಿಂತೇ ಇರುತ್ತಿದ್ದರು. ಆ ಸೀಟುಗಳ ಬೆನ್ನೊರಗು ಮೊಣಕಾಲಿನಷ್ಟು ಎತ್ತರಕ್ಕಿದ್ದು, ಗೋಲು ಬಿದ್ದಾಗ ಹಿಂದಿನವರು ಅದನ್ನು ಎಡವಿ ಮುಂದಿನ ಸಾಲಿನ ಮೇಲೆ ಉರುಳುತ್ತಿದ್ದರು. ಹಾಗಾಗಿ ಸರ್ಕಾರದ ಮುಂದಿದ್ದ ಪ್ರಶ್ನೆ ಜನ ನಿಲ್ಲಬೇಕೇ ಕೂರಬೇಕೇ ಎಂಬುದಾಗಿರಲಿಲ್ಲ. ಹೇಗೂ ನಿಲ್ಲುವವರು ಕಂಬಿ ಇಲ್ಲದೆ ನಿಲ್ಲಬೇಕೇ, ಕಂಬಿ ಹಿಡಿದು ನಿಲ್ಲಬೇಕೇ ಎಂಬುದಾಗಿತ್ತು. ನಿಮ್ಮ ಪರವಾದ ಅತ್ಯಂತ ಬಲವಾದ ವಾದ ಇದು, ಮತ್ತು ನಿಮ್ಮ ಲೇಖನದಲ್ಲಿ ಇದರ ಸುಳಿವೂ ಇಲ್ಲ. ಎಲ್ಲರಿಗೂ ಸೀಟು ಇರಬೇಕೆಂಬ ಇಂಗ್ಲೆಂಡಿನ ಕಾನೂನು ಸ್ಕಾಟ್‌ಲೆಂಡಿನಲ್ಲಿ ಅನ್ವಯಿಸದ ಕಾರಣ ಅಲ್ಲಿನ ಸೆಲ್ಟಿಕ್ ಕ್ಲಬ್ 2016ರಲ್ಲೇ ಇಂಥ ವಿಭಾಗ ತೆರೆಯಿತು. ಇಂಗ್ಲೆಂಡಿನ ಕೆಳದರ್ಜೆಯ ಶ್ರೂಸ್‌ಬರಿ ಟೌನ್ 2018ರಲ್ಲಿ ಅಭಿಮಾನಿಗಳು ಕೂಡಿಸಿದ ಹಣದಿಂದ ಹಾಕಿಸಿತು. ಮೇಲಿನ ದರ್ಜೆಗಳಲ್ಲಿ ಐದು ಕ್ಲಬ್ಬುಗಳ ಪ್ರಯೋಗ 2022ರ ಜನವರಿ 2ರಂದು ಚೆಲ್ಸಿ ಮತ್ತು ಲಿವರ್‌ಪೂಲ್ ಪಂದ್ಯದೊಂದಿಗೆ ಆರಂಭವಾಯಿತು, ಅದೇ ವರ್ಷದ ಹೊಸ ಋತುವಿನಿಂದ ಪರವಾನಗಿ ಪಡೆದ ಕ್ಲಬ್ಬುಗಳಿಗೆ ಕಾಯಂ ಅನುಮತಿ ಸಿಕ್ಕಿತು. ಇವನ್ನೆಲ್ಲ ಎರಡು ವಾಕ್ಯಗಳಲ್ಲಿ ಮುಗಿಸಿದರೆ ಸಾಕು.

ಸೀಟು ಇದ್ದ ಮಾತ್ರಕ್ಕೆ ಸುರಕ್ಷತೆ ಇಲ್ಲ ಎಂದು ತೋರಿಸಲು ನೀವು ಒಂದೂ ಉದಾಹರಣೆ ಕೊಟ್ಟಿಲ್ಲ. 1985ರ ಮೇ 11ರಂದು ಬ್ರಾಡ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು 56 ಜನ ಸತ್ತದ್ದು ಸೀಟುಗಳಿದ್ದ ಮರದ ಸ್ಟ್ಯಾಂಡಿನಲ್ಲಿ. ಕೆಳಗೆ ವರ್ಷಗಳಿಂದ ಕಸ ಬಿದ್ದಿತ್ತು, ಹಿಂದಿನ ಗೇಟುಗಳಿಗೆ ಬೀಗ ಹಾಕಿತ್ತು. ಕನ್ನಡದ ಓದುಗರಿಗೆ ಇದಕ್ಕಿಂತ ಹತ್ತಿರದ ನೋವೂ ಒಂದಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ ಸತ್ತರು. ಒಳಗೆ ಸೀಟುಗಳಿದ್ದವು, ಅವು ಹೊರಗಿದ್ದವರನ್ನು ಕಾಪಾಡಲಿಲ್ಲ. ನಿಮ್ಮ ಲೇಖನವನ್ನು ಬೆಂಗಳೂರಿನಲ್ಲಿ ಓದುವ ಪ್ರತಿಯೊಬ್ಬರ ಮನಸ್ಸಿಗೂ ಆ ಸಂಜೆ ಬಂದೇ ಬರುತ್ತದೆ, ನೀವು ಅದರ ಬಗ್ಗೆ ಮೌನವಾಗಿದ್ದರೆ ಓದುಗರಿಗೆ ನಿಮ್ಮ ಮೇಲೆ ನಂಬಿಕೆ ಕಡಿಮೆಯಾಗುತ್ತದೆ. ಅದನ್ನು ಮರುಕ ಹುಟ್ಟಿಸಲು ಬಳಸಬೇಡಿ. ಗೇಟಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬಷ್ಟಕ್ಕೆ ಬಳಸಿ.

ಜರ್ಮನಿಯ ಡಾರ್ಟ್‌ಮುಂಡ್ ಕ್ರೀಡಾಂಗಣದ ಬಗೆಗಿನ ನಾಲ್ಕು ಪುಟಗಳನ್ನು ಅರ್ಧ ಪುಟಕ್ಕೆ ಇಳಿಸಬೇಕು. ಸುಮಾರು 25,000 ಜನ ನಿಲ್ಲುವ ಆ ದಕ್ಷಿಣದ ಸ್ಟ್ಯಾಂಡಿನ ಹಳದಿ ಬಣ್ಣ, ಹಾಡು, ಬಾವುಟಗಳ ವರ್ಣನೆ ಸೊಗಸಾಗಿದೆ, ಆದರೆ ಸೊಗಸು ಯಾರನ್ನೂ ಒಪ್ಪಿಸುವುದಿಲ್ಲ. ಸುರಕ್ಷತೆಯ ಬಗ್ಗೆ ಅನುಮಾನ ಇರುವವರಿಗೆ ದಟ್ಟಣೆಯ ವರ್ಣನೆ ಅನುಮಾನವನ್ನೇ ಹೆಚ್ಚಿಸುತ್ತದೆ. ಅದರ ಬದಲು, ಯುರೋಪಿನ ಕ್ಲಬ್ ಪಂದ್ಯಗಳಲ್ಲಿ ನಿಲ್ಲಲು ಅನುಮತಿ ಇಲ್ಲದಿದ್ದ ವರ್ಷಗಳಲ್ಲಿ ಅದೇ ಸ್ಟ್ಯಾಂಡಿಗೆ ಸೀಟು ಜೋಡಿಸಿ, ಕ್ರೀಡಾಂಗಣದ ಒಟ್ಟು ಸಾಮರ್ಥ್ಯವನ್ನು ಸುಮಾರು 81,000ದಿಂದ ಸುಮಾರು 66,000ಕ್ಕೆ ಇಳಿಸುತ್ತಿದ್ದರು ಎಂಬುದನ್ನು ಬರೆಯಿರಿ. ಅಲ್ಲಿ ನಿಲ್ಲುವುದೂ ಕೂರುವುದೂ ಲೆಕ್ಕ ಹಾಕಿ ಮಾಡುವ ಕೆಲಸ ಎಂಬುದು ಅದರಿಂದ ತಿಳಿಯುತ್ತದೆ.

ಬೆಲೆಯ ವಾದವನ್ನು ಹೀಗೆಯೇ ಬಿಡಲಾಗದು. ನಿಲ್ಲುವ ಜಾಗ ಬಂದರೆ ಬಡ ಅಭಿಮಾನಿಗೆ ಟಿಕೆಟ್ ಅರ್ಧ ಬೆಲೆಗೆ ಸಿಗುತ್ತದೆ ಎಂದಿದ್ದೀರಿ. ಜರ್ಮನಿಯಲ್ಲಿ ಅದು ಅಗ್ಗವಾಗಿರುವುದಕ್ಕೆ ಒಂದು ಸೀಟಿನ ಜಾಗದಲ್ಲಿ ಒಬ್ಬರಿಗಿಂತ ಹೆಚ್ಚು ಜನ ನಿಲ್ಲುವುದು ಒಂದು ಕಾರಣ. ಹೆಚ್ಚಿನ ಕ್ಲಬ್ಬುಗಳಲ್ಲಿ ಮತದಾನದ ಬಹುಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮ ಇನ್ನೊಂದು. ಇಂಗ್ಲೆಂಡಿನಲ್ಲಿ ಒಬ್ಬರಿಗೆ ಒಂದೇ ಜಾಗ ಎಂಬ ನಿಯಮ ಇರುವುದರಿಂದ ನಿಲ್ಲುವ ವಿಭಾಗದಲ್ಲಿ ಹೆಚ್ಚುವರಿ ಟಿಕೆಟ್ ಹುಟ್ಟುವುದೇ ಇಲ್ಲ, ಆದ್ದರಿಂದ ಬೆಲೆ ಇಳಿಸಬೇಕಾದ ಒತ್ತಡವೂ ಕ್ಲಬ್ಬಿಗಿಲ್ಲ. ಸುರಕ್ಷತೆಯ ವಾದವೂ ಅಗ್ಗದ ಟಿಕೆಟ್ಟಿನ ವಾದವೂ ಇಲ್ಲಿ ಒಂದನ್ನೊಂದು ತಿನ್ನುತ್ತವೆ, ಎರಡನ್ನೂ ಒಟ್ಟಿಗೆ ಗೆಲ್ಲಿಸಲಾಗದು ಎಂದು ನೀವು ಓದುಗರಿಗೆ ನೇರವಾಗಿ ಹೇಳಬೇಕು. ಟೇಲರ್ ಅವರೇ ಸ್ಕಾಟ್‌ಲೆಂಡಿನ ಐಬ್ರಾಕ್ಸ್ ಮೈದಾನದಲ್ಲಿ ಸೀಟಿಗೆ 6 ಪೌಂಡ್, ನಿಲ್ಲಲು 4 ಪೌಂಡ್ ಎಂದು ಉದಾಹರಿಸಿ, ಸೀಟು ಬಂದರೂ ಬೆಲೆ ಕೈಗೆಟುಕುವಂತೆಯೇ ಇರಬಹುದು ಎಂದು ನಂಬಿದ್ದರು. ಆ ನಂಬಿಕೆ ಉಳಿಯಲಿಲ್ಲ, ಮತ್ತು ಬಹಳಷ್ಟು ದುಡಿಯುವ ಕುಟುಂಬಗಳು ಆ ಕಾರಣಕ್ಕೇ ಮೈದಾನದಿಂದ ದೂರವಾದವು. ಅವರ ಬಗ್ಗೆ ನಿಮಗಿರುವ ಕಾಳಜಿ ನನಗೂ ಇದೆ. ಆದರೆ ಅದಕ್ಕೆ ಟಿಕೆಟ್ ಬೆಲೆಯ ಬಗ್ಗೆ ಪ್ರತ್ಯೇಕ ಲೇಖನ ಬೇಕು.

ಹಿಲ್ಸ್‌ಬರೋದಲ್ಲಿ ಮಕ್ಕಳನ್ನು ಕಳೆದುಕೊಂಡವರ ಪೈಕಿ ಅನೇಕರು ನಿಲ್ಲುವ ಜಾಗಗಳನ್ನು ದೀರ್ಘಕಾಲ ವಿರೋಧಿಸಿದರು. ನೀವು ಅದನ್ನು "ಭಾವುಕ ವಿರೋಧ" ಎಂದು ಒಂದೇ ಮಾತಿನಲ್ಲಿ ಬದಿಗೆ ಸರಿಸಿದ್ದೀರಿ. ಈ ವಿಷಯದಲ್ಲಿ ಗೇಟು, ಬೇಲಿ, ತಡೆಕಂಬಿಗಳ ಬಗ್ಗೆ ಅವರಷ್ಟು ನಿಖರವಾಗಿ ಓದಿಕೊಂಡವರು ಕಡಿಮೆ. ಅವರ ಹಟ ಇಲ್ಲದಿದ್ದರೆ ನಾನು ಮೇಲೆ ಬರೆದ ಎಷ್ಟೋ ವಿವರಗಳು ಹೊರಗೇ ಬರುತ್ತಿರಲಿಲ್ಲ. ಲಿವರ್‌ಪೂಲ್‌ನ ಅಭಿಮಾನಿಗಳ ಒಕ್ಕೂಟ 2017ರಲ್ಲಿ ಮತ ಕೇಳಿದಾಗ ಬಹುದೊಡ್ಡ ಬಹುಮತ ರೈಲ್ ಸೀಟುಗಳ ಪರವಾಗಿ ಬಂತು, 2021ರಲ್ಲಿ ಆ ಕ್ಲಬ್ಬಿನ ತವರು ಮೈದಾನವಾದ ಆನ್‌ಫೀಲ್ಡ್‌ನಲ್ಲೇ ಅವುಗಳನ್ನು ಅಳವಡಿಸಲಾಯಿತು. ಆ ಊರು ಈ ತೀರ್ಮಾನಕ್ಕೆ ಬಂದದ್ದು ಮರೆತು ಅಲ್ಲ, ಎಲ್ಲವನ್ನೂ ನೆನಪಿಟ್ಟುಕೊಂಡು. ನಿಮ್ಮ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗುವುದಿಲ್ಲ. ವಿರೋಧವನ್ನು ಉಳಿಸಿಕೊಂಡವರ ಮಾತಿಗೂ ಪಕ್ಕದಲ್ಲಿ ಜಾಗ ಕೊಡಿ. ಎತ್ತರ ಕಡಿಮೆ ಇರುವವರು, ಮಕ್ಕಳು, ಗಾಲಿಕುರ್ಚಿಯಲ್ಲಿ ಬರುವವರು ನಿಂತವರ ಹಿಂದೆ ಏನನ್ನು ಕಾಣಬಲ್ಲರು ಎಂಬ ಪ್ರಶ್ನೆಯನ್ನೂ ಬಿಡಬೇಡಿ. ನಿಲ್ಲುವವರಿಗೆ ಬೇರೆ ವಿಭಾಗ ಮಾಡಿದಾಗ ಉಳಿದ ವಿಭಾಗಗಳಲ್ಲಿ ಕೂತು ನೋಡುವುದು ಸುಲಭವಾಗುತ್ತದೆ ಎಂಬ ಉತ್ತರ ಅದಕ್ಕಿದೆ.

ಕೊನೆಯ ಭಾಗದಲ್ಲಿ ಕಂಠೀರವ ಕ್ರೀಡಾಂಗಣದಲ್ಲೂ ನಿಲ್ಲುವ ವಿಭಾಗ ಬೇಕು ಎಂದು ಒತ್ತಾಯಿಸಿದ್ದೀರಿ. ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ಈಗಲೂ ನಿಂತೇ ಹಾಡುತ್ತಾರೆ, ಆದ್ದರಿಂದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಂಗ್ಲೆಂಡಿನಲ್ಲಿ ಈ ಅನುಮತಿಯ ಹಿಂದೆ ಕ್ರೀಡಾಂಗಣಗಳ ಸುರಕ್ಷತೆಗೆಂದೇ ಇರುವ ಒಂದು ಪ್ರಾಧಿಕಾರ, ಪ್ರತಿ ವಿಭಾಗಕ್ಕೂ ಬರೆದಿಟ್ಟ ಸಂಖ್ಯೆ, ಆ ಸಂಖ್ಯೆ ಮೀರಿದರೆ ಉತ್ತರಿಸಬೇಕಾದವರು ಇದ್ದಾರೆ. ನಮ್ಮಲ್ಲಿ ಕಂಬಿ ಕೇಳುವ ಮೊದಲು ಆ ಸಂಖ್ಯೆಯನ್ನು ಕೇಳಿ: ಪ್ರತಿ ಬ್ಲಾಕಿಗೆ ಎಷ್ಟು ಜನ, ಎಷ್ಟು ಗೇಟು, ತುಂಬಿದ ಮೇಲೆ ಮುಚ್ಚುವವರು ಯಾರು.

ಪರಿಷ್ಕರಿಸಿದ ಪ್ರತಿ ಎರಡು ಸಾವಿರ ಪದಗಳನ್ನು ಮೀರದಿರಲಿ. ಓಲ್ಡ್ ಟ್ರಾಫರ್ಡ್‌ನಲ್ಲಿ ನೀವು ಕೊಟ್ಟ ಟಿಕೆಟ್ಟಿನ ಬೆಲೆಯನ್ನೂ ಅದೇ ಸ್ಟ್ಯಾಂಡಿನಲ್ಲಿ ಕೂತು ನೋಡುವ ಟಿಕೆಟ್ಟಿನ ಬೆಲೆಯನ್ನೂ ಮರೆಯದೆ ನಮೂದಿಸಿ. ಹಿಲ್ಸ್‌ಬರೋ ಭಾಗವನ್ನು ಮೊದಲು ಬರೆದು ನನಗೆ ಕಳಿಸಿ. ಅದನ್ನು ನೋಡಿದ ಮೇಲೆ ಉಳಿದದ್ದರ ಬಗ್ಗೆ ಮಾತಾಡೋಣ.

ವಿಶ್ವಾಸದಿಂದ,
ಸಂಪಾದಕ