ಕಳೆದ ವರ್ಷ 119 ಪಂದ್ಯ ಸೋತ ಡೆನ್ವರ್‌ನ ಬೇಸ್‌ಬಾಲ್ ತಂಡ ಕೊಲೊರಾಡೊ ರಾಕೀಸ್ 2026ರಲ್ಲಾದರೂ ಸುಧಾರಿಸುತ್ತದಾ?

ಸುಧಾರಿಸುತ್ತದೆ. ಆದರೆ ಸ್ವಲ್ಪ. ಈ ಸಲವೂ ನೂರು ಸೋಲಿನ ಆಸುಪಾಸಿಗೆ ಹೋಗುತ್ತಾರೆ ಅನ್ನೋದು ನನ್ನ ಲೆಕ್ಕ. 95ಕ್ಕೆ ನಿಂತರೆ ನಾನೇ ಮೈಸೂರು ಪಾಕ್ ಹಂಚುತ್ತೇನೆ.

ಡೆನ್ವರ್‌ಗೆ ಹೊಸಬ, ಕ್ರಿಕೆಟ್ ಮಾತ್ರ ಗೊತ್ತು, ಸೀಸನ್ ಟಿಕೆಟ್ ತಗೊಳ್ಳಲಾ ಬೇಡವಾ ಅಂತ ಕೇಳಿದ್ದೀರಿ. ಹಾಗಾಗಿ ಮೊದಲಿಂದ ಹೇಳುತ್ತೇನೆ. ಬೇಸ್‌ಬಾಲ್‌ನಲ್ಲಿ ಒಂದು ತಂಡ ಒಂದು ಸೀಸನ್‌ಗೆ 162 ಪಂದ್ಯ ಆಡುತ್ತದೆ. ಎಷ್ಟೇ ಕೆಟ್ಟ ತಂಡವಾದರೂ ಸಾಮಾನ್ಯವಾಗಿ 60 ಗೆಲ್ಲುತ್ತದೆ. ರಾಕೀಸ್ 2025ರಲ್ಲಿ ಗೆದ್ದಿದ್ದು 43. ಅದಕ್ಕೆ ಹಿಂದಿನ ಎರಡು ವರ್ಷ 103 ಮತ್ತು 101 ಸೋಲು. ಅಂದರೆ ಇದು ಒಂದು ವರ್ಷದ ಗ್ರಹಚಾರ ಅಲ್ಲ, ಹಳೇ ಕಾಯಿಲೆ.

ಇಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಕಾರಣ ಎತ್ತರ. ನಿಮ್ಮ ಮನೆಯ ಕುಕ್ಕರ್ ಈಗಾಗಲೇ ನಿಮಗೆ ಹೇಳಿರಬೇಕು. ಊರಲ್ಲಿ ಮೂರು ವಿಷಲ್‌ಗೆ ಬೇಯುತ್ತಿದ್ದ ಬೇಳೆ ಇಲ್ಲಿ ಐದಾದರೂ ಕಾಳು ಕಾಳಾಗಿಯೇ ಇರುತ್ತದೆ. 5,280 ಅಡಿ ಎತ್ತರ, ನೀರು 95 ಡಿಗ್ರಿಗೇ ಕುದಿಯುತ್ತದೆ. ಆ ತೆಳು ಗಾಳಿಯೇ ರಾಕೀಸ್ ಮೈದಾನ ಕೂರ್ಸ್ ಫೀಲ್ಡ್‌ನಲ್ಲಿ ಚೆಂಡಿಗೂ ಕಾಟ ಕೊಡುತ್ತದೆ. ಹೊಡೆದ ಚೆಂಡು ಜಾಸ್ತಿ ದೂರ ಹೋಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಅದಕ್ಕಿಂತ ದೊಡ್ಡ ತೊಂದರೆ ಚೆಂಡೆಸೆಯುವ ಪಿಚರ್‌ಗೆ, ಯಾಕೆಂದರೆ ಅವನ ಕರ್ವ್ ಬಾಲ್ ತಿರುಗೋಕೆ ಗಾಳಿಯ ಹಿಡಿತ ಬೇಕು, ಆ ಹಿಡಿತ ಇಲ್ಲಿ ಕಡಿಮೆ, ಹಾಗಾಗಿ ಸಮುದ್ರ ಮಟ್ಟದಲ್ಲಿ ಬಾಗಿ ಬೀಳುವ ಚೆಂಡು ಇಲ್ಲಿ ಬ್ಯಾಟಿನ ಎದುರಿಗೇ ಬಂದು ನಿಲ್ಲುತ್ತದೆ. ಚೆಂಡು ಒಣಗಿ ಇನ್ನೂ ದೂರ ಹಾರಬಾರದು ಅಂತ 2002ರಿಂದ ಅದನ್ನು ತೇವ ಕಾಯ್ದಿಡುವ ಕೋಣೆಯಲ್ಲಿ ಇಡುತ್ತಾರೆ. ಸ್ವಲ್ಪ ಉಪಯೋಗವಾಗಿದೆ ನಿಜ. ಕಾಯಿಲೆ ವಾಸಿಯಾಗಿಲ್ಲ.

ಚೇಸ್ ಡೊಲ್ಯಾಂಡರ್ ಅಂತ ಒಬ್ಬ ಪಿಚರ್ ಹುಡುಗ ಇದ್ದಾನೆ, ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ 2023ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಬಂದವನು. ಕಳೆದ ವರ್ಷ ಹೊರಗೂರಲ್ಲಿ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಮೂರೂವರೆ ರನ್ ಕೊಟ್ಟ. ಅದು ಒಳ್ಳೆ ಲೆಕ್ಕ. ಸ್ವಂತ ಮೈದಾನದಲ್ಲಿ ಹತ್ತರ ಹತ್ತಿರ! ಪಂದ್ಯ ಶುರು ಮಾಡುವ ಪಿಚರ್‌ಗಳನ್ನೆಲ್ಲ ಸೇರಿಸಿದರೆ ತಂಡದ ಸರಾಸರಿ 6.65. ಈ ಲೆಕ್ಕ ಇಡೋಕೆ ಶುರುವಾಗಿದ್ದು 1913ರಲ್ಲಿ, ಅಲ್ಲಿಂದ ಇಲ್ಲಿವರೆಗೆ ಇದಕ್ಕಿಂತ ಕೆಟ್ಟದ್ದು ಇಲ್ಲ.

ಆದರೂ ಎತ್ತರವನ್ನೇ ದೂರೋದನ್ನು ನಾನು ಒಪ್ಪೋದಿಲ್ಲ. ಎದುರಾಳಿ ಕೂಡ ಅದೇ ಗಾಳಿಯಲ್ಲಿ ಎಸೆಯುತ್ತಾನೆ, ಅಲ್ವಾ? ಇದೇ ಡೆನ್ವರ್‌ನಲ್ಲಿ ಹುಟ್ಟಿ ಬೆಳೆದ ಪಿಚರ್ ಕೈಲ್ ಫ್ರೀಲ್ಯಾಂಡ್ 2018ರಲ್ಲಿ 2.85 ಸರಾಸರಿಯಲ್ಲಿ 17 ಪಂದ್ಯ ಗೆದ್ದು 7 ಸೋತ (ಇಲ್ಲಿ ಗೆಲುವು ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ). ತಂಡ ಆ ವರ್ಷ 91 ಗೆದ್ದಿತು. ಅದೇ ಫ್ರೀಲ್ಯಾಂಡ್ 2025ರಲ್ಲಿ ಗೆದ್ದಿದ್ದು 5, ಸೋತಿದ್ದು 17. ಬೆಟ್ಟ ಅಲ್ಲೇ ಇದೆ, ಎತ್ತರ ಒಂದಡಿಯೂ ಬೆಳೆದಿಲ್ಲ.

ಕೆಟ್ಟಿದ್ದು ಒಳಗೆ. ಮಾಲೀಕ ಡಿಕ್ ಮಾನ್‌ಫರ್ಟ್ 2023ರ ಜನವರಿಯಲ್ಲಿ ಈ ತಂಡ ಅರ್ಧಕ್ಕರ್ಧ ಪಂದ್ಯ ಗೆಲ್ಲಬಹುದು ಅಂದಿದ್ದರು. ಆ ವರ್ಷವೇ ಆ 103 ಸೋಲು. ಅದಕ್ಕೂ ಮುಂಚೆ ಒಳ್ಳೆ ಆಟಗಾರ ನೋಲನ್ ಅರೆನಾಡೊನನ್ನು ಸೇಂಟ್ ಲೂಯಿಸ್‌ಗೆ ಕಳಿಸಿ, ಮೇಲಿಂದ ಕೋಟಿಗಟ್ಟಲೆ ಡಾಲರ್ ಕೂಡ ಕೊಟ್ಟರು. ಆಮೇಲೆ ಕ್ರಿಸ್ ಬ್ರಯಂಟ್ ಜೊತೆ ಏಳು ವರ್ಷಕ್ಕೆ 18.2 ಕೋಟಿ ಡಾಲರ್ ಒಪ್ಪಂದ, ಅವರೋ ಆಡಿದ್ದಕ್ಕಿಂತ ಗಾಯವಾಗಿ ಕೂತಿದ್ದೇ ಜಾಸ್ತಿ. ಏನಾದರೂ ಕೆಟ್ಟರೆ ಮನೆಯೊಳಗಿನವರನ್ನೇ ಇನ್ನೊಂದು ಕುರ್ಚಿಗೆ ಕೂರಿಸೋದು ಇವರ ಹಳೇ ಪದ್ಧತಿ. ಕಳೆದ ವರ್ಷ ಮೇ 10ಕ್ಕೆ ಸ್ಯಾನ್ ಡಿಯಾಗೊ ಎದುರು ಇಲ್ಲೇ 21-0ರಲ್ಲಿ ಸೋತರು. ಮರುದಿನ 9-3ರಲ್ಲಿ ಗೆದ್ದರು, ಗೆದ್ದ ಮೇಲೆ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಬಡ್ ಬ್ಲ್ಯಾಕ್‌ನನ್ನು ಮನೆಗೆ ಕಳಿಸಿದರು. ಗೆದ್ದ ದಿನವೇ ಕೆಲಸ ಹೋಯಿತು ಪಾಪ!

ಅದಕ್ಕೇ ಈ ಸಲದ ಒಂದು ಬದಲಾವಣೆ ನನಗೆ ಆಟಗಾರರಿಗಿಂತ ಮುಖ್ಯ ಅನಿಸುತ್ತದೆ. ನವೆಂಬರ್‌ನಲ್ಲಿ ಪಾಲ್ ಡಿಪೊಡೆಸ್ಟಾ ಅವರನ್ನು ಹೊರಗಿಂದ ಕರೆತಂದು ಇಡೀ ಬೇಸ್‌ಬಾಲ್ ವಿಭಾಗ ಒಪ್ಪಿಸಿದ್ದಾರೆ. ಓಕ್ಲೆಂಡ್‌ನಲ್ಲಿ ಅಂಕಿಅಂಶ ನೋಡಿ ಅಗ್ಗದಲ್ಲಿ ತಂಡ ಕಟ್ಟಿದ ಗುಂಪಿನವರು ಇವರು. ಹಿಂದಿನ ಹತ್ತು ವರ್ಷ ಮಾತ್ರ ಬೇಸ್‌ಬಾಲ್ ಬಿಟ್ಟು ಕ್ಲೀವ್‌ಲೆಂಡ್‌ನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದರು. ಆ ತಂಡ 2017ರಲ್ಲಿ 16ಕ್ಕೆ 16 ಪಂದ್ಯವನ್ನೂ ಸೋತಿತ್ತು. ಸೋಲು ನೋಡಿ ಗಾಬರಿ ಆಗುವವರಂತೂ ಅಲ್ಲ.

ಆದರೆ ಬಿತ್ತಿದ ವರ್ಷವೇ ತೆಂಗಿನಕಾಯಿ ಸಿಗುವುದಿಲ್ಲ. ಕಳೆದ ವರ್ಷ ನಾಲ್ಕನೆಯವನಾಗಿ ಆರಿಸಿಕೊಂಡ ಈಥನ್ ಹಾಲಿಡೇ ಇನ್ನೂ ಹದಿಹರೆಯದ ಹುಡುಗ, ದೊಡ್ಡ ತಂಡಕ್ಕೆ ಬರೋಕೆ ಸಮಯ ಬೇಕು. ಸೋತವರಿಗೆ ಒಳ್ಳೆ ಹುಡುಗರನ್ನು ಮೊದಲು ಆರಿಸುವ ಅವಕಾಶ ಇದೆಯಲ್ಲ ಅಂತ ಕೇಳಬಹುದು. ನಿಯಮದ ಪ್ರಕಾರ ಇವರಿಗೆ ಈ ಸಲ ಮೊದಲ ಸರದಿಗಳನ್ನು ಹಂಚುವ ಲಾಟರಿಯಲ್ಲೇ ಜಾಗ ಇಲ್ಲ, 119 ಸೋತೂ ಸಿಕ್ಕಿದ್ದು ಹತ್ತನೇ ಸರದಿ. ಹಣೆಬರಹ. ಮೇಲಾಗಿ ಲೀಗ್‌ನಲ್ಲಿ ಇವರಿರುವ ಗುಂಪಿನಲ್ಲೇ ಲಾಸ್ ಏಂಜಲೀಸ್ ಡಾಡ್ಜರ್ಸ್ ಇದ್ದಾರೆ, ಎರಡು ವರ್ಷದಿಂದ ಸತತ ಚಾಂಪಿಯನ್.

ಸೀಸನ್ ಟಿಕೆಟ್ ಬೇಡ. ಆದರೆ ಸುಮ್ನೆ ಒಂದೆರಡು ಪಂದ್ಯಕ್ಕೆ ಹೋಗಿ, ಮಧ್ಯದ ಬೌಂಡರಿ ಹಿಂದೆ ರಾಕ್‌ಪೈಲ್ ಅಂತ ಅಗ್ಗದ ಬೆಂಚುಗಳಿವೆ. ಹಂಟರ್ ಗುಡ್‌ಮನ್ ಬ್ಯಾಟಿಂಗ್ ತಪ್ಪಿಸಬೇಡಿ. ನಮ್ಮ ವಿಕೆಟ್ ಕೀಪರ್ ಥರದ ಕ್ಯಾಚರ್ ಆಗಿದ್ದೂ ಕಳೆದ ವರ್ಷ 31 ಹೋಮ್ ರನ್, ಅಂದರೆ ಸಿಕ್ಸರ್ ಥರದ ಹೊಡೆತ, ಹೊಡೆದ. ಡೊಲ್ಯಾಂಡರ್ ಇಲ್ಲಿ ಎಸೆಯುವ ದಿನ ಇದ್ದರೆ ಇನ್ನೂ ಒಳ್ಳೇದು. ಸ್ಕೋರ್ ಬಿಡಿ, ಅವನ ಕರ್ವ್ ಬಾಲ್ ಬೀಳುತ್ತಿದೆಯಾ ನೋಡಿ. ಅವನು ಈ ಗಾಳಿಯಲ್ಲಿ ಎಸೆಯೋದು ಕಲಿತರೆ ಮುಂದಿನ ವರ್ಷದ ಮಾತು ಬೇರೆ.

ಮತ್ತೆ, ಬೇಗ ಎದ್ದು ಬರಬೇಡಿ. ಕಳೆದ ವರ್ಷ ಆಗಸ್ಟ್ 1ಕ್ಕೆ ಪಿಟ್ಸ್‌ಬರ್ಗ್ ಎದುರು ನಾನು ಮಗಳ ಜೊತೆ ಹೋಗಿದ್ದೆ. ನಮ್ಮವರ ಸರದಿ ಬರುವ ಮೊದಲೇ 9-0. ಎದ್ದು ಹೊರಡೋಣ ಅಂದೆ, ಅವಳ ಹೆಲ್ಮೆಟ್ ಆಕಾರದ ಪ್ಲಾಸ್ಟಿಕ್ ಬಟ್ಟಲಲ್ಲಿ ಇನ್ನೂ ಅರ್ಧ ಐಸ್‌ಕ್ರೀಂ ಇತ್ತು, ಏಳಲಿಲ್ಲ. ಐಸ್‌ಕ್ರೀಂ ಮುಗಿದ ಮೇಲೂ ಏಳಲಿಲ್ಲ. ಕೊನೆ ಇನ್ನಿಂಗ್ಸ್‌ಗೆ 16-12, ನಾಲ್ಕು ರನ್ ಹಿಂದೆ. ಅಕ್ಕಪಕ್ಕದ ಅರ್ಧ ಸೀಟು ಖಾಲಿ. ಬ್ರೆಂಟನ್ ಡಾಯ್ಲ್ ಹೋಮ್ ರನ್ ಹೊಡೆದು 17-16 ಮಾಡಿದಾಗ ನನ್ನ ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜ ನನ್ನನ್ನು ತಬ್ಬಿಕೊಂಡು ಬಿಟ್ಟರು. ಅವರ ಬಿಯರ್ ಪೂರ್ತಿ ನನ್ನ ಶರ್ಟ್ ಮೇಲೆ.

ಏಪ್ರಿಲ್ ಸಂಜೆಗೆ ಹೋಗೋದಾದರೆ ದಪ್ಪ ಸ್ವೆಟರ್ ತಗೊಂಡು ಹೋಗಿ, ಕೆಲವು ಸಲ ಹಿಮವೂ ಬೀಳುತ್ತದೆ.