777 ಕೊಟ್ಟರೂ ಬಗೆಹರಿಯದ ಅನುಮತಿ ದೋಷ

ಪ್ರಶ್ನೆ: ನಮ್ಮ ತಾಲ್ಲೂಕಿನ ದೇಗುಲ, ಕಲ್ಯಾಣಿ ಮತ್ತು ವೀರಗಲ್ಲುಗಳ ಛಾಯಾಚಿತ್ರಗಳಿಗಾಗಿ ಸ್ವಂತ ಜಾಲತಾಣವೊಂದನ್ನು ಮಾಡಿಕೊಂಡಿದ್ದೇನೆ. ಕಳೆದ ತಿಂಗಳು ಹೋಸ್ಟಿಂಗ್ ಬದಲಾಯಿಸಿ, ಕಡತಗಳನ್ನೆಲ್ಲ ಫೈಲ್‌ಜಿಲ್ಲಾ ಎಂಬ ಕಡತ ಸಾಗಿಸುವ ತಂತ್ರಾಂಶದ ಮೂಲಕ ಹೊಸ ಸರ್ವರಿಗೆ ಏರಿಸಿದೆ. ಮುಖಪುಟ ತೆರೆಯಿತು, ಚಿತ್ರಗಳ ಫೋಲ್ಡರಿನಲ್ಲಿದ್ದ ಒಂದು ಚಿತ್ರವೂ ಕಾಣದೆ ‘403 ಫರ್ಬಿಡನ್’ (ಪ್ರವೇಶವಿಲ್ಲ) ಎಂದು ಬಂತು. ಗೆಳೆಯರ ಮಾತು ಕೇಳಿ ಎಲ್ಲಕ್ಕೂ 777 ಎಂಬ ಅನುಮತಿ ಸಂಖ್ಯೆ ಕೊಟ್ಟೆ. ಈಗ ಚಿತ್ರಗಳು ಕಾಣುತ್ತಿವೆ, ಆದರೆ ಸಂಪರ್ಕ ಪುಟದ ಪಿಎಚ್‌ಪಿ ಕಡತ (ಸರ್ವರಿನಲ್ಲಿ ಓಡುವ ಪ್ರೋಗ್ರಾಂ) ‘500’ ಎಂಬ ಸರ್ವರ್ ದೋಷ ತೋರಿಸುತ್ತಿದೆ. ಯಾವ ಸಂಖ್ಯೆ ಕೊಡಬೇಕು?
– ಶಿಕ್ಷಕರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಮೊದಲು 777 ಅನ್ನು ಇಂದೇ ಹಿಂತೆಗೆದುಕೊಳ್ಳಿ. ಫೋಲ್ಡರುಗಳಿಗೆ 755, ಕಡತಗಳಿಗೆ 644 ಇದ್ದರೆ ಸಾಕು.

ಈ ಮೂರು ಅಂಕಿಗಳು ಕ್ರಮವಾಗಿ ಒಡೆಯ, ಅವನ ಗುಂಪು ಮತ್ತು ಉಳಿದವರಿಗೆ ಸೇರಿದವು. ಓದುವುದಕ್ಕೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1 ಎಂದು ಕೂಡಿದಾಗ ಒಂದೊಂದು ಅಂಕಿ ಬರುತ್ತದೆ. 777 ಎಂದರೆ ಮೂವರಿಗೂ ಎಲ್ಲ ಹಕ್ಕು. ಫೋಲ್ಡರಿನ ವಿಷಯದಲ್ಲಿ ಮಾತ್ರ ಆ 1ರ ಅರ್ಥ ಬೇರೆ: ಅದು ಒಳಕ್ಕೆ ಹಾದುಹೋಗುವ ಹಕ್ಕು. ತೊಟ್ಟಿಮನೆಯ ಒಳಕೋಣೆಯಲ್ಲಿರುವ ಪೆಟ್ಟಿಗೆಗೆ ಬೀಗವಿಲ್ಲದಿದ್ದರೂ ಪಡಸಾಲೆಯ ಬಾಗಿಲು ಹಾಕಿದ್ದರೆ ಅದು ಕೈಗೆ ಸಿಗದು. ಹಾಗೆಯೇ ಚಿತ್ರದ ಕಡತ 644 ಆಗಿದ್ದರೂ ಅದನ್ನು ಹೊತ್ತ ಫೋಲ್ಡರಿಗೂ 644 ಬಿದ್ದಿದ್ದರೆ ಸರ್ವರಿಗೆ ಒಳಹೋಗಲು ದಾರಿಯಿರುವುದಿಲ್ಲ. ಕಡತಗಳನ್ನೂ ಫೋಲ್ಡರುಗಳನ್ನೂ ಒಟ್ಟಿಗೆ ಆಯ್ದು ಒಂದೇ ಸಂಖ್ಯೆ ಕೊಟ್ಟವರಿಗೆ ಈ ಪಾಡು ತಪ್ಪಿದ್ದಲ್ಲ.

ಹಾಗಾದರೆ 777 ಕೊಟ್ಟಾಗ ಚಿತ್ರಗಳು ಕಂಡು ಪಿಎಚ್‌ಪಿ ಏಕೆ ಕೆಟ್ಟಿತು? ಹಲವರು ಹಂಚಿಕೊಳ್ಳುವ ಅನೇಕ ಹೋಸ್ಟಿಂಗ್‌ಗಳಲ್ಲಿ ಚಿತ್ರಗಳನ್ನು ಓದಿ ಕಳುಹಿಸುವುದು ಸರ್ವರಿನದೇ ಖಾತೆ, ಅಂದರೆ ‘ಉಳಿದವರು’. ಪಿಎಚ್‌ಪಿ ಕಡತವಾದರೋ ನಿಮ್ಮ ಖಾತೆಯ ಹೆಸರಿನಲ್ಲೇ ಓಡುತ್ತದೆ. ಹಾಗೆ ಓಡಿಸುವ ಮೊದಲು ಸುಎಕ್ಸೆಕ್‌ನಂಥ ಕಾವಲು ವ್ಯವಸ್ಥೆ, ಆ ಕಡತಕ್ಕಾಗಲಿ ಅದಿರುವ ಫೋಲ್ಡರಿಗಾಗಲಿ ಬೇರೆಯವರು ಬರೆಯುವಂತಿದ್ದರೆ, ಅದನ್ನು ಓಡಿಸಲು ನಿರಾಕರಿಸಿ 500 ದೋಷ ಕೊಡುತ್ತದೆ. ಈ ನಿರಾಕರಣೆ ನಿಮ್ಮ ಹಿತಕ್ಕೇ ಇದೆ. ಅದನ್ನು ತಪ್ಪಿಸುವ ಉಪಾಯ ಹುಡುಕಬೇಡಿ. ಇಂಥ ಹೋಸ್ಟಿಂಗ್‌ನಲ್ಲಿ, ಗುಪ್ತಪದ ಬರೆದಿಟ್ಟಿರುವ ಪಿಎಚ್‌ಪಿ ಕಡತಕ್ಕೆ 600 ಕೊಟ್ಟರೂ ಅದು ಸರಿಯಾಗಿಯೇ ಓಡುತ್ತದೆ.

ಸರಿಪಡಿಸಲು ಫೈಲ್‌ಜಿಲ್ಲಾದಲ್ಲಿ ಜಾಲತಾಣದ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಫೈಲ್ ಪರ್ಮಿಷನ್ಸ್’ ತೆರೆಯಿರಿ. 755 ಎಂದು ಬರೆದು, ಒಳಗಿನ ಫೋಲ್ಡರುಗಳಿಗೂ ಅನ್ವಯಿಸುವ ಗುರುತು ಹಾಕಿ, ‘ಅಪ್ಲೈ ಟು ಡೈರೆಕ್ಟರೀಸ್ ಓನ್ಲಿ’ ಎಂಬುದನ್ನು ಆಯ್ದುಕೊಳ್ಳಿ. ಅದು ಮುಗಿದ ಮೇಲೆ 644 ಬರೆದು ‘ಅಪ್ಲೈ ಟು ಫೈಲ್ಸ್ ಓನ್ಲಿ’ ಆಯ್ದು ಇನ್ನೊಮ್ಮೆ ನಡೆಸಿ. ಎರಡನ್ನೂ ಒಂದೇ ಸಲಕ್ಕೆ ಮುಗಿಸುವ ಆತುರವೇ ಮೊದಲಿನ ತೊಂದರೆಯನ್ನು ಮತ್ತೆ ತಂದಿಡುತ್ತದೆ. 600 ಕೊಡಬೇಕಾದ ಕಡತವಿದ್ದರೆ ಅದನ್ನು ಕೊನೆಗೆ ಬೇರೆಯಾಗಿ ಬದಲಾಯಿಸಿ. 777 ಇದ್ದಷ್ಟು ದಿನ ಅದೇ ಸರ್ವರಿನ ಬೇರೆ ಖಾತೆಯಿಂದ ಏನಾದರೂ ಒಳಸೇರಿರಬಹುದಾದ್ದರಿಂದ, ಚಿತ್ರಗಳ ಫೋಲ್ಡರಿನಲ್ಲಿ ನೀವು ಹಾಕದ ಪಿಎಚ್‌ಪಿ ಕಡತವಿದೆಯೇ ಎಂದೂ ನೋಡಿ.

ಸಂಖ್ಯೆ ಬದಲಾಯಿಸಲು ಹೋದಾಗ ಸರ್ವರ್ ಒಪ್ಪದಿದ್ದರೆ ಆ ಕಡತದ ಒಡೆಯ ನಿಮ್ಮ ಖಾತೆಯಲ್ಲದಿರಬಹುದು. ಹೋಸ್ಟಿಂಗ್‌ನವರೇ ಹಳೆಯ ಪ್ರತಿಯನ್ನು ಮರಳಿಸಿಕೊಟ್ಟಾಗ ಹೀಗಾಗುವುದುಂಟು. ಒಡೆತನವನ್ನು ಬದಲಿಸುವ ಅಧಿಕಾರ ಅವರಿಗೆ ಮಾತ್ರ ಇರುವುದರಿಂದ, ಫೋಲ್ಡರಿನ ಹೆಸರನ್ನು ತಿಳಿಸಿ ಅವರಿಗೆ ಬರೆಯಿರಿ.

ಇಷ್ಟಾದ ಮೇಲೂ, ಚಿತ್ರದ ಬದಲು ಫೋಲ್ಡರಿನ ವಿಳಾಸವನ್ನೇ ಬ್ರೌಸರಿನಲ್ಲಿ ಬರೆದರೆ 403 ಬರಬಹುದು. ಅಲ್ಲಿ ಫೋಲ್ಡರಿನ ವಿಳಾಸಕ್ಕೆ ತೆರೆದುಕೊಳ್ಳುವ ಇಂಡೆಕ್ಸ್ ಪುಟವಿಲ್ಲದಿರುವುದರಿಂದ ಒಳಗಿನ ಪಟ್ಟಿಯನ್ನು ಸರ್ವರ್ ತೋರಿಸುತ್ತಿಲ್ಲ, ಅಷ್ಟೆ. ಅದಕ್ಕಾಗಿ ಅನುಮತಿಗಳನ್ನು ಮತ್ತೆ ಮುಟ್ಟಬೇಕಿಲ್ಲ.