ಗೀಸರ್ ಎಲ್ಲಿರಬೇಕು, ಹೊಗೆ ಎಲ್ಲಿಗೆ ಹೋಗಬೇಕು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಳೆ ಹಿಡಿದುಕೊಂಡಿತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಪತ್ರಗಳಲ್ಲಿ ಬಿಸಿನೀರು ಮತ್ತು ಬೆಚ್ಚನೆಯ ಕೋಣೆಯದೇ ಮಾತು. ಈ ಸಲ ಉರಿ, ಗಾಳಿ, ಹೊಗೆ ಕೊಳವೆಗೆ ಸಂಬಂಧಿಸಿದ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇವೆ.

ನಮ್ಮ ಬಚ್ಚಲುಮನೆ 5 ಅಡಿ ಅಗಲ, 7 ಅಡಿ ಉದ್ದ. ವೆಂಟಿಲೇಟರಿನಿಂದ ಇರಚಲು ಬರುತ್ತದೆಂದು ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊಡೆಯುತ್ತೇವೆ. ಕರೆಂಟು ನಂಬುವಂತಿಲ್ಲ ಎಂದು 6 ಲೀಟರಿನ ಗ್ಯಾಸ್ ಗೀಸರ್ ತಂದಿದ್ದೇವೆ. ಒಳಗೇ ಹಾಕಿಸಿ, ವೆಂಟಿಲೇಟರ್ ತೆರೆದಿಟ್ಟರೆ ಸಾಕು ಎಂದರು ಅಂಗಡಿಯವರು. ಸರಿಯೇ? (ಸಕಲೇಶಪುರ)

ಸರಿಯಲ್ಲ. ಗೀಸರ್ ಹೊರಗೋಡೆಯ ಮೇಲಿರಲಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ.

ಯಾಕೆಂದು ನಿಮ್ಮ ಬಚ್ಚಲನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಎತ್ತರ 8 ಅಡಿ ಎಂದರೆ ಒಳಗಿರುವುದು 280 ಘನ ಅಡಿ, ಅಂದಾಜು 8 ಘನ ಮೀಟರ್ ಗಾಳಿ. ಈ ಅಳತೆಯ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಹೆಚ್ಚುಕಡಿಮೆ 1 ಕಿಲೋ ಗ್ಯಾಸ್ ಸುಡುತ್ತದೆ. ಒಂದು ಕಿಲೋ ಸರಿಯಾಗಿ ಸುಡಲು 12–13 ಘನ ಮೀಟರ್ ಗಾಳಿ ಬೇಕು. ಹತ್ತು ನಿಮಿಷದ ಸ್ನಾನಕ್ಕೆ 160 ಗ್ರಾಂ ಗ್ಯಾಸ್, ಅದಕ್ಕೆ 2 ಘನ ಮೀಟರ್ ಗಾಳಿ. ಎಲ್ಲ ಮುಚ್ಚಿದ್ದರೆ ಕೋಣೆಯ ಆಮ್ಲಜನಕದಲ್ಲಿ ಕಾಲುಭಾಗ ಅಷ್ಟರಲ್ಲೇ ಮುಗಿಯಿತು. ನೂರಕ್ಕೆ 21 ಇದ್ದದ್ದು 16ರ ಹತ್ತಿರಕ್ಕೆ ಬಂತು. ಅಷ್ಟಕ್ಕೆ ಇಳಿಯುವ ಮೊದಲೇ ಉರಿ ಕೆಡುತ್ತದೆ. ಗ್ಯಾಸ್ ಅರೆಬರೆ ಸುಟ್ಟು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ.

ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ, ಕಣ್ಣುರಿಯುವುದೂ ಇಲ್ಲ. ಸಿಲಿಂಡರ್ ಗ್ಯಾಸಿಗೆ ಬೆರೆಸಿರುವ ಘಾಟು ಸುಟ್ಟ ಹೊಗೆಯಲ್ಲಿ ಉಳಿದಿರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 800 ಭಾಗ ಇದ್ದರೆ ಮುಕ್ಕಾಲು ಗಂಟೆಯೊಳಗೆ ತಲೆಸುತ್ತು, ವಾಕರಿಕೆ. 1,600 ಇದ್ದರೆ ಇಪ್ಪತ್ತು ನಿಮಿಷಕ್ಕೇ ಅದೇ ಸ್ಥಿತಿ. 6,400 ಮುಟ್ಟಿದರೆ ಹತ್ತು-ಹದಿನೈದು ನಿಮಿಷದಲ್ಲಿ ಜೀವಕ್ಕೇ ಕುತ್ತು. ಕಾಲು ಸೋತು ಕೂತವರಿಗೆ ಎದ್ದು ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಮೊದಲು ಮಿಂದವರು ಸುಖವಾಗಿ ಹೊರಬಂದು, ಅವರ ಬೆನ್ನಿಗೇ ಹೋದವರು ಬೀಳುವುದೂ ಉಂಟು. ಎರಡನೆಯವರಿಗೆ ಸಿಕ್ಕಿದ್ದು ಮೊದಲಿನವರು ಉಳಿಸಿಹೋದ ಗಾಳಿ. ಇಪ್ಪತ್ತು ನಿಮಿಷಕ್ಕೆ ತಾನೇ ಆರುವ ಟೈಮರ್ ಗೀಸರಿನಲ್ಲಿದೆ ಎಂಬ ಧೈರ್ಯವೂ ಬೇಡ, ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಅದರ ಎಣಿಕೆ ಹೊಸದಾಗಿ ಶುರುವಾಗುತ್ತದೆ.

ವೆಂಟಿಲೇಟರ್ ತೆರೆದಿಟ್ಟರೂ ಸಾಲದು. ಗಾಳಿ ಕೆಳಗಿಂದ ಬಂದು ಮೇಲಿಂದ ಹೋಗಬೇಕು, ಅದಕ್ಕೆ ಎರಡು ದಾರಿ ಬೇಕು. ಜುಲೈ ತಿಂಗಳ ಗಾಳಿಗೆ ಇರುವ ಒಂದೇ ಕಿಂಡಿಯಲ್ಲಿ ಹೊಗೆ ಒಳಕ್ಕೇ ತಳ್ಳಿಸಿಕೊಳ್ಳುತ್ತದೆ. ಮಳೆ ಜೋರಾದ ದಿನ ನೀವು ಪ್ಲಾಸ್ಟಿಕ್ ಎಳೆಯದೇ ಇರುವುದಿಲ್ಲ.

ಹೊರಗೆ ಹಾಕುವ ಬಗೆ: ಸಜ್ಜದ ಅಥವಾ ಸೂರಿನ ಕೆಳಗೆ, ಇರಚಲು ಹೊಡೆಯದ ಕಡೆಯ ಇಟ್ಟಿಗೆ ಗೋಡೆ ಆರಿಸಿ. ಉರಿ ಕಾಣುವ ಕಿಂಡಿ ಕಣ್ಣಿನ ಮಟ್ಟಕ್ಕೆ, ನೆಲದಿಂದ ಐದು ಅಡಿಯ ಆಸುಪಾಸಿಗೆ ಬರಲಿ. ಎಡಬಲಕ್ಕೆ ಅರ್ಧ ಅಡಿ ಜಾಗ. ಮೇಲೆ ಮರದ ತೊಲೆ, ರೀಪು, ವೈರು ಇದ್ದರೆ ಎರಡು ಅಡಿಗಾದರೂ ದೂರ. ಗಾಳಿಗೆ ಉರಿ ಆರುತ್ತದೆಂದು ಸುತ್ತ ತಗಡಿನ ಪೆಟ್ಟಿಗೆ ಮಾಡಿಸುವವರಿದ್ದಾರೆ. ಪಕ್ಕಕ್ಕೆ ಒಂದು ತಡೆ ಸಾಕು, ಕೆಳಗೂ ಮೇಲೂ ಮುಚ್ಚಬೇಡಿ. ಹತ್ತಿರದಲ್ಲಿ ಮಲಗುವ ಕೋಣೆಯ ಕಿಟಕಿ ಬೇಡ. ನೀರಿನ ಬಾಯಿಗೆ ಒಂದು ವಾಲ್ವ್, ಅದರೊಳಗೆ ಜಾಲರಿ. ಬಿಸಿನೀರಿನ ಬಾಯಿಗೆ ನೇರವಾಗಿ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಜೋಡಿಸದೆ ಮೊದಲು ಒಂದೂವರೆ ಅಡಿ ಲೋಹದ ಹೆಣೆಪೈಪು ಹಾಕಿಸಿ. ಆಮೇಲಿನ ಪೈಪು ಗಿಡ್ಡವಾದಷ್ಟೂ ನೀರು ಬೇಗ ಬಿಸಿ ಬರುತ್ತದೆ.

ಸಿಲಿಂಡರ್ ನೆಟ್ಟಗೆ, ನೆಲದ ಮಟ್ಟಕ್ಕಿಂತ ಮೇಲೆ ನಿಂತಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗು ಹುಡುಕಿಕೊಂಡು ಹೋಗುತ್ತದೆ. ಬಚ್ಚಲ ನೀರು ಹೋಗುವ ಮೋರಿ, ಚೇಂಬರ್, ಸಂಪು ಪಕ್ಕದಲ್ಲಿರಬಾರದು. ಸುರಕ್ಷಾ ಪೈಪು ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೊಮ್ಮೆ ಬದಲಿಸಿ. ಒಲೆಯ ಪೈಪನ್ನೇ ಕತ್ತರಿಸಿ ‘T’ ಆಕಾರದ ಕವಲು ಹಾಕಿ ಗೀಸರಿಗೆ ಎಳೆಯುವುದು ನಮ್ಮ ಕಡೆ ಸಾಮಾನ್ಯ, ಅದು ಬೇಡ. ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್ ಇಡಿ. ಜೋಡಣೆ ಮುಗಿದ ಮೇಲೆ ಪ್ರತಿ ಕೂಡುವಿಕೆಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದಲ್ಲಿ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಅಭ್ಯಾಸಕ್ಕೆ ಈಗಲೇ ಕೈಮುಗಿಯಿರಿ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆರಿಸಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಹಿಂದಿನ ಯುಟಿಲಿಟಿಯಲ್ಲಿ ಹೊಗೆ ಕೊಳವೆಯಿರುವ ಗೀಸರ್ ಹಾಕಿಸಿದೆವು. ಗ್ರಿಲ್‌ಗೆ ಗಾಜು ಕೂರಿಸಿದ ಮೇಲೆ ಅಲ್ಲಿ ನಿಂತರೆ ತಲೆನೋವು, ಗೋಡೆಯೆಲ್ಲ ಬೆವರುತ್ತದೆ. ಅಡುಗೆಮನೆಯ ಚಿಮಣಿ ಹಾಕಿದಾಗ ಇನ್ನೂ ಹೆಚ್ಚು. (ಹಾಸನ)

ಓದಿದ ದಿನದಿಂದಲೇ ಗೀಸರ್ ಆರಿಸಿಡಿ. ಹೊಗೆ ಹೊರಗೆ ಹೋಗುತ್ತಿಲ್ಲ. ಗೋಡೆಯ ಬೆವರೇ ಸಾಕ್ಷಿ: ಒಂದು ಕಿಲೋ ಗ್ಯಾಸ್ ಸುಟ್ಟರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಅದು ಕೊಳವೆಯಲ್ಲಿ ಹೋಗಬೇಕಿತ್ತು, ನಿಮ್ಮ ಗೋಡೆಯ ಮೇಲೆ ಕೂತಿದೆ.

ಕಾರಣ ನೀವೇ ಬರೆದಿದ್ದೀರಿ. ಚಿಮಣಿ ಫ್ಯಾನ್ ಮನೆಯ ಗಾಳಿಯನ್ನು ಹೊರಗೆ ತಳ್ಳುತ್ತದೆ. ತಳ್ಳಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಗಾಜು ಹಾಕಿದ ಮೇಲೆ ಸುಲಭದ ದಾರಿ ಎಂದರೆ ಗೀಸರಿನ ಕೊಳವೆ. ಹೀಗಾಗಿ ಕೊಳವೆ ಹಿಮ್ಮುಖವಾಗಿ ಎಳೆಯುತ್ತಿದೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಕೂಡ ಇದನ್ನೇ ಮಾಡುತ್ತದೆ. ಹೊಗೆ ತೆಗೆಯಲೆಂದು ಫ್ಯಾನ್ ಹಾಕಿಸಿ ಹೊಗೆಯನ್ನೇ ಒಳಗೆ ಕರೆದುಕೊಂಡ ಮನೆಗಳಿವೆ.

ಮೊದಲು ಗಾಜಿನ ಎರಡು ಪಟ್ಟಿ ತೆಗೆಸಿ. ಒಂದು ನೆಲದಿಂದ ಒಂದು ಅಡಿಯೊಳಗೆ, ಇನ್ನೊಂದು ಚಾವಣಿಯಿಂದ ಒಂದು ಅಡಿಯೊಳಗೆ, ತಲಾ 6 ಇಂಚು ಚೌಕದಷ್ಟು ಬಯಲು. ಅದಕ್ಕೆ ಸೊಳ್ಳೆಪರದೆ ಬಡಿದರೆ ಧೂಳು, ಜೇಡರಬಲೆ ಸೇರಿ ವರ್ಷದಲ್ಲಿ ಅರ್ಧ ಮುಚ್ಚುತ್ತದೆ. ಜಾಲರಿ ಬೇಕೇಬೇಕೆಂದರೆ ದೊಡ್ಡ ಕಣ್ಣಿನದು ಹಾಕಿ. ಆಮೇಲೆ ಕೊಳವೆ ನೋಡಿ. ಗೀಸರಿನ ಬಾಯಿಯಷ್ಟೇ ಅಗಲ ಇರಬೇಕು, ನಡುವೆ ಕಿರಿದಾಗಬಾರದು. ಫ್ಯಾನಿಲ್ಲದ ಗೀಸರಾದರೆ ಮೊದಲು ಒಂದೂವರೆ-ಎರಡು ಅಡಿ ನೆಟ್ಟಗೆ ಮೇಲೇರಿ, ಆಮೇಲೆ ಅಡ್ಡ ಹೋಗುವ ಭಾಗ ಮೀಟರಿಗೆ 2 ಸೆಂಟಿಮೀಟರಿನಂತೆ ಏರುತ್ತಲೇ ಹೊರಬೀಳಬೇಕು, ಮೊಣಕೈಗಳು ಎರಡಕ್ಕಿಂತ ಹೆಚ್ಚು ಬೇಡ. ಫ್ಯಾನ್ ಇರುವ ಜಾತಿಯದಾದರೆ ತದ್ವಿರುದ್ಧ: ಮಳೆನೀರು ಒಳಗಿಳಿಯದಂತೆ ಹೊರಕ್ಕೆ ಚೂರು ಇಳಿಜಾರು. ಕೊಳವೆ ಸ್ಟೇನ್‌ಲೆಸ್ ಅಥವಾ ಅಲ್ಯುಮಿನಿಯಂ. ಪಿವಿಸಿ ಮೆತ್ತಗಾಗಿ ಜೋತುಬಿದ್ದು ಕೂಡುವಿಕೆ ಬಿಡುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಊದುಬತ್ತಿ ಸಾಕು. ಯುಟಿಲಿಟಿಯ ಬಾಗಿಲು, ಕಿಟಕಿ ಹಾಕಿ. ಚಿಮಣಿ, ಎಕ್ಸಾಸ್ಟ್ ಎಲ್ಲ ಚಾಲೂ ಮಾಡಿ. ಗೀಸರ್ ಐದು ನಿಮಿಷ ಉರಿಸಿ, ಊದುಬತ್ತಿಯನ್ನು ಮೇಲ್ಭಾಗದ ಹೊಗೆಬಾಯಿಯ ಪಕ್ಕ ಹಿಡಿಯಿರಿ. ಎಳೆ ಕೊಳವೆಯೊಳಕ್ಕೆ ಸೆಳೆಯಲ್ಪಟ್ಟರೆ ಸರಿ. ನಿಮ್ಮ ಮುಖದತ್ತ ಬಾಗಿದರೆ ಆ ಗೀಸರ್ ಅಲ್ಲಿರಲು ಲಾಯಕ್ಕಿಲ್ಲ.

ಬೆಂಗಳೂರಿನಲ್ಲಿ ಪೈಪ್ ಗ್ಯಾಸಿಗೆ ಬಳಸುತ್ತಿದ್ದ ಗೀಸರನ್ನು ಊರಿಗೆ ತಂದು ಸಿಲಿಂಡರಿಗೆ ಕೊಟ್ಟೆವು. ಉರಿ ಹಳದಿಯಾಗಿ ಎತ್ತರಕ್ಕೆ ಏಳುತ್ತದೆ, ಮೇಲೆ ಮಸಿ. (ಬೇಲೂರು)

ಬರ್ನರಿಗೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಜೆಟ್ ಬದಲಿಸಿಲ್ಲ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಶಾಖ ಘನ ಮೀಟರಿಗೆ ಎಲ್‌ಪಿಜಿಯ ಅರ್ಧದಷ್ಟೂ ಇಲ್ಲ, ಆದ್ದರಿಂದ ಅದರ ಜೆಟ್ಟಿನ ತೂತು ದೊಡ್ಡದು. ಅದೇ ತೂತಿನಲ್ಲಿ ಎಲ್‌ಪಿಜಿ ಬಿಟ್ಟರೆ ಗ್ಯಾಸ್ ಅತಿಯಾಗಿ, ಗಾಳಿ ಸಾಲದೆ ಹೀಗೆ ಉರಿಯುತ್ತದೆ. ಮಸಿ ಕಂಡಲ್ಲಿ ಕಾರ್ಬನ್ ಮೊನಾಕ್ಸೈಡ್ ಇದ್ದೇ ಇದೆ ಎಂದುಕೊಳ್ಳಿ. ಕಂಪನಿಯ ಎಲ್‌ಪಿಜಿ ಜೆಟ್ ಸಿಕ್ಕಿದರೆ ಅವರ ಮೆಕ್ಯಾನಿಕ್ಕಿಂದಲೇ ಹಾಕಿಸಿ, ಕೂಡಿರುವ ಮಸಿಯನ್ನೂ ತೆಗೆಸಿ. ಸಿಗದಿದ್ದರೆ ಗುಜರಿಗೆ ಹಾಕಿ. ತೂತಿಗೆ ಬೆಸುಗೆ ಹಾಕಿ ಸೂಜಿಯಲ್ಲಿ ಕೊರೆದುಕೊಡುವವರ ಕೈಗೆ ಕೊಡಬೇಡಿ.

ಅಮೆರಿಕದಲ್ಲಿರುವ ಮಗನ ಮನೆಯಲ್ಲಿ ಫರ್ನೇಸ್ ಇದೆ, ಇಡೀ ಮನೆ ಬೆಚ್ಚಗಿರುತ್ತದೆ. ತೋಟದ ಮನೆಗೆ ಅಂಥದ್ದೇ ತರಿಸಿ, ಬಿಸಿಗಾಳಿ ಹಂಚುವ ಡಕ್ಟ್ ಎಳೆಸಬಹುದೇ? (ಚಿಕ್ಕಮಗಳೂರು)

ತರಿಸಬಹುದು, ಸಾಕುವುದು ಕಷ್ಟ. ಆ ಯಂತ್ರದಲ್ಲಿ ಎರಡು ಗಾಳಿಗಳಿವೆ, ಅವು ಒಂದನ್ನೊಂದು ಮುಟ್ಟಬಾರದು. ಒಂದು ಉರಿಯ ಗಾಳಿ: ಬರ್ನರಿನಿಂದ ಲೋಹದ ಕೊಳವೆಗಳೊಳಗೆ ಹಾದು ಹೊಗೆಯಾಗಿ ಹೊರಹೋಗುತ್ತದೆ. ಇನ್ನೊಂದು ಮನೆಯ ಗಾಳಿ: ಕೋಣೆಗಳ ಗಾಳಿ ವಾಪಸು ತರುವ ರಿಟರ್ನ್ ಡಕ್ಟಿನಲ್ಲಿ ಬಂದು, ಫಿಲ್ಟರ್ ದಾಟಿ, ಬ್ಲೋವರಿನಿಂದ ಆ ಕೊಳವೆಗಳ ಹೊರಮೈ ಸವರಿ, ಬಿಸಿಯಾಗಿ ಕೋಣೆಗಳಿಗೆ ಹೋಗುತ್ತದೆ. ಅಪಾಯವೆಲ್ಲ ಇವೆರಡು ಬೆರೆಯುವಲ್ಲಿ. ಫಿಲ್ಟರ್ ಕಟ್ಟಿಕೊಂಡರೆ ಕೊಳವೆ ಅತಿಯಾಗಿ ಕಾದು, ಸಲಸಲಕ್ಕೂ ಹಿಗ್ಗಿ ಕುಗ್ಗಿ ಕೊನೆಗೆ ಬಿರುಕು ಬಿಡುತ್ತದೆ. ಫರ್ನೇಸ್ ಇರುವ ಕೋಣೆಯಲ್ಲೇ ರಿಟರ್ನ್ ಡಕ್ಟ್ ಸೋರಿದರೆ ಬ್ಲೋವರ್ ಅಲ್ಲಿಯ ಗಾಳಿ ಹೀರಿ, ಹೊಗೆಯನ್ನೂ ಕೊಳವೆಯಿಂದ ಕೆಳಗೆಳೆದು ಮಲಗುವ ಕೋಣೆಗೆ ಹಂಚುತ್ತದೆ. ಅದಕ್ಕೇ ಅಲ್ಲಿ ಡಕ್ಟಿನ ಕೂಡುವಿಕೆಗೆ ಮಾಸ್ಟಿಕ್ ಎಂಬ ಅಂಟು ಅಥವಾ ಫಾಯಿಲ್ ಟೇಪ್ ಹಚ್ಚುತ್ತಾರೆ. ಬಟ್ಟೆಯ ಟೇಪ್ ಬಿಸಿಗೆ ಒಣಗಿ ಕಿತ್ತುಬರುತ್ತದೆ. ನೂರಕ್ಕೆ 80ರಷ್ಟು ದಕ್ಷತೆಯ ಫರ್ನೇಸಿನ ಹೊಗೆ ಬಹಳ ಬಿಸಿ, ಅದಕ್ಕೆ ಎರಡು ಪದರದ ಲೋಹದ ಕೊಳವೆ. 90ಕ್ಕಿಂತ ಮೇಲಿನದರ ಹೊಗೆ ತಣ್ಣಗಾಗಿ ನೀರಿಳಿಯುತ್ತದೆ, ಅದಕ್ಕೆ ಪ್ಲಾಸ್ಟಿಕ್ ಕೊಳವೆ, ಅಡಿಗೆ ಕಾಲು ಇಂಚಿನಂತೆ ಯಂತ್ರದ ಕಡೆಗೆ ಇಳಿಜಾರು.

ಈಗ ನಮ್ಮೂರಿನ ಲೆಕ್ಕ. ಶಾಖವನ್ನು ಅಲ್ಲಿ ಬಿಟಿಯು ಎಂಬ ಮಾನದಲ್ಲಿ ಅಳೆಯುತ್ತಾರೆ; ಗಂಟೆಗೆ 60,000 ಬಿಟಿಯು ಎಂಬುದು ಸಾಧಾರಣ ಅಳತೆ. ಅದಕ್ಕೆ ಗಂಟೆಗೆ 1.3 ಕಿಲೋ ಮೇಲ್ಪಟ್ಟು ಎಲ್‌ಪಿಜಿ ಬೇಕು. 14.2 ಕಿಲೋ ಸಿಲಿಂಡರ್ ಹತ್ತು ಗಂಟೆಗೆ ಖಾಲಿ. ಖಾಲಿಯಾಗುವ ಮೊದಲೇ ತೊಂದರೆ, ಒಂದೇ ಸಿಲಿಂಡರಿನಿಂದ ಅಷ್ಟು ವೇಗದಲ್ಲಿ ಎಳೆದರೆ ಅದು ತಣ್ಣಗಾಗಿ ಒತ್ತಡ ಬೀಳುತ್ತದೆ. ಯಂತ್ರ ನೈಸರ್ಗಿಕ ಅನಿಲದ್ದಾದರೆ ಜೆಟ್, ವಾಲ್ವಿನ ಸ್ಪ್ರಿಂಗ್ ಎರಡನ್ನೂ ಬದಲಿಸಿ ಬರ್ನರಿನ ಗ್ಯಾಸ್ ಒತ್ತಡವನ್ನು (ಅದು ಎಷ್ಟು ಇಂಚು ನೀರನ್ನು ಎತ್ತಿ ಹಿಡಿಯುತ್ತದೆ ಎಂದು ಅಳೆಯುತ್ತಾರೆ) 3.5 ಇಂಚಿನಿಂದ 10 ಇಂಚಿಗೆ ಏರಿಸಬೇಕು. ಬ್ಲೋವರ್, ಬೋರ್ಡು ಎಲ್ಲ 120 ವೋಲ್ಟ್, 60 ಹರ್ಟ್ಜ್‌ನವು, ನಮ್ಮದು 230, 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸೀತು, ಹರ್ಟ್ಜ್ ಬದಲಿಸದು. ಸಾದಾ ಮೋಟಾರು ನಿಧಾನ ತಿರುಗಿ ಗಾಳಿ ಕಡಿಮೆಯಾಗುತ್ತದೆ, ಮತ್ತೆ ಕೊಳವೆ ಕಾಯುವ ಕತೆಗೇ ಬಂದೆವು. ಇಷ್ಟೆಲ್ಲ ಮಾಡಿ ಹೆಂಚಿನ ಮನೆಗೆ ಬಿಸಿಗಾಳಿ ಬಿಟ್ಟರೆ ಹೆಂಚಿನ ಸಂದಿಯಲ್ಲಿ ಹಕ್ಕಿಗೂಡು ಬೆಚ್ಚಗಾದೀತು.

ಮಲಗುವ ಒಂದೆರಡು ಕೋಣೆಗೆ ಒಳಚಾವಣಿ ಮಾಡಿಸಿ, ಬಾಗಿಲ ಸಂದಿ ಮುಚ್ಚಿಸಿ, ಬಿಸಿ-ತಂಪು ಎರಡೂ ಕೊಡುವ ಇನ್ವರ್ಟರ್ ಎಸಿ ಹಾಕಿಸಿ. ತಿನ್ನುವ ಕರೆಂಟಿನ ಎರಡು-ಮೂರು ಪಟ್ಟು ಶಾಖ ಕೊಡುತ್ತದೆ, ಉರಿಯೂ ಇಲ್ಲ ಹೊಗೆಯೂ ಇಲ್ಲ.

ಬಾಣಂತಿ ಕೋಣೆಯಲ್ಲಿ ರಾತ್ರಿ ಕೆಂಡದ ಅಗ್ಗಿಷ್ಟಿಕೆ ಇಡುತ್ತೇವೆ. ಹೊಗೆ ಪೂರ್ತಿ ಹೋದ ಮೇಲೇ ಒಳಗೆ ತರುತ್ತೇವೆ. ಪರವಾಗಿಲ್ಲವೇ? (ಮೂಡಿಗೆರೆ)

ಬೇಡವೇ ಬೇಡ. ಹೊಗೆ ಇಲ್ಲದ ನಿಗಿನಿಗಿ ಕೆಂಡವೇ ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಮೇಲೆ ಬೂದಿ ಕವಿದಷ್ಟೂ ಇನ್ನೂ ಹೆಚ್ಚು. ಹಸುಗೂಸಿನ ಉಸಿರಾಟ ವೇಗದ್ದು, ವಿಷ ದೊಡ್ಡವರಿಗಿಂತ ಬೇಗ ಏರುತ್ತದೆ. ತಾಯಿ ನಿದ್ದೆಯಲ್ಲಿದ್ದರೆ ಇಬ್ಬರಿಗೂ ಎಚ್ಚರ ಆಗುವುದಿಲ್ಲ. ಧೂಪ ಹಾಕುವ ಶಾಸ್ತ್ರ ಬಿಡಲಾಗದಿದ್ದರೆ ಬಾಗಿಲು ಕಿಟಕಿ ತೆರೆದು, ಮಗುವನ್ನು ಬೇರೆ ಕೋಣೆಯಲ್ಲಿಟ್ಟು ಮಾಡಿ, ಕೆಂಡವನ್ನು ಹೊರಗೊಯ್ದು ನೀರು ಹಾಕಿ. ರಾತ್ರಿಗೆ ಎಣ್ಣೆ ತುಂಬಿದ ಕರೆಂಟ್ ಹೀಟರ್, ಬಿಸಿನೀರಿನ ರಬ್ಬರ್ ಚೀಲ ಸಾಕು. ಚೀಲ ಹಾಸಿಗೆ ಬೆಚ್ಚಗೆ ಮಾಡಲಷ್ಟೇ, ಮಗುವನ್ನು ಮಲಗಿಸುವ ಮೊದಲು ತೆಗೆಯಿರಿ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದು ಹೊರಗೆ ಹೋದಾಗ ಇಳಿದರೆ ಪಿತ್ತ ಎಂದು ಸುಮ್ಮನಿರದೆ ಎಲ್ಲರನ್ನೂ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಿ.

ಗ್ಯಾಸ್ ಸೋರಿಕೆಯ ಅಲಾರಂ ಇದೆ. ಅದೇ ಕಾರ್ಬನ್ ಮೊನಾಕ್ಸೈಡಿಗೂ ಆಗುತ್ತದೆಯೇ? (ಅರಸೀಕೆರೆ)

ಆಗುವುದಿಲ್ಲ. ಎಲ್‌ಪಿಜಿಯ ಅಲಾರಂ ಇಡಬೇಕಾದದ್ದು ನೆಲದಿಂದ ಒಂದು ಅಡಿ ಎತ್ತರಕ್ಕೆ. ಕಾರ್ಬನ್ ಮೊನಾಕ್ಸೈಡ್ ಗಾಳಿಯಷ್ಟೇ ಹಗುರ, ಕೋಣೆಯೆಲ್ಲ ಹರಡಿಕೊಳ್ಳುತ್ತದೆ; ಅದರ ಅಲಾರಂ ಬೇರೆ, ಮಲಗುವ ಕೋಣೆಯಲ್ಲಿ ದಿಂಬಿನ ಮಟ್ಟಕ್ಕೆ ಇಡಿ. ಕೊಳ್ಳುವಾಗ ಇಎನ್ 50291 (EN 50291, ಯುರೋಪಿನ ಗುಣಮಟ್ಟದ ಸಂಖ್ಯೆ) ಎಂದು ಅಚ್ಚಾಗಿರುವುದನ್ನು ನೋಡಿ: ಹತ್ತು ಲಕ್ಷಕ್ಕೆ 300 ಭಾಗ ಇದ್ದರೆ ಮೂರು ನಿಮಿಷದೊಳಗೆ, 50 ಇದ್ದರೆ 60ರಿಂದ 90 ನಿಮಿಷದೊಳಗೆ ಕೂಗಬೇಕು. ಸೆನ್ಸರಿಗೆ ಆಯುಷ್ಯವಿದೆ, ಬದಲಿಸುವ ದಿನಾಂಕ ಹಿಂಬದಿಯಲ್ಲಿ ಇರುತ್ತದೆ. ಟೆಸ್ಟ್ ಗುಂಡಿ ಒತ್ತಿದಾಗ ಕೂಗಿದರೆ ಶೆಲ್, ಸದ್ದಿನ ಭಾಗ ಸರಿಯಿದೆ ಎಂದಷ್ಟೇ ಅರ್ಥ, ಸೆನ್ಸರ್ ಸರಿಯಿದೆ ಎಂದಲ್ಲ.